ಮನೆಯೊಳಗಿನ ಆಫೀಸು: ಜಾಗಕ್ಕೂ ಲೆಕ್ಕ, ಸಮಯಕ್ಕೂ ಲೆಕ್ಕ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಮೇಲೆ ‘ವರ್ಕ್ ಫ್ರಂ ಹೋಮ್’ ಎಂಬ ಮಾತು ಎಲ್ಲರ ಬಾಯಿಗೆ ಬಂತು. ಬೆಂಗಳೂರಿನಲ್ಲಿದ್ದವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರುಗಳಿಗೆ ಲ್ಯಾಪ್‌ಟಾಪ್ ಹಿಡಿದು ಬಂದರು. ಸಿಗ್ನಲ್‌ಗಾಗಿ ಗುಡ್ಡ ಹತ್ತಿದವರೂ ಇದ್ದರು. ಆದರೆ ಮನೆಯಲ್ಲೇ ಕೂತು ದುಡಿಯುವುದು ನಮಗೆ ಹೊಸದಲ್ಲ. ಬಟ್ಟೆ ಹೊಲಿಯುವವರು, ಟ್ಯೂಷನ್ ಹೇಳುವವರು, ಅಂಗಡಿಗಳ ಲೆಕ್ಕ ಬರೆಯುವವರು ಮೊದಲಿಂದಲೂ ಇದ್ದಾರೆ. ನಮ್ಮ ಅಮ್ಮಿಯ ಹೊಲಿಗೆ ಮೆಷಿನ್ ಇರುವ ಮೂಲೆಯೂ ಒಂದು ಆಫೀಸೇ. ಅಂಥ ಮೂಲೆಯನ್ನು ಹೇಗೆ ಸಜ್ಜು ಮಾಡಬೇಕು, ಅದರ ಲೆಕ್ಕ ಹೇಗಿಡಬೇಕು ಎಂದು ನೋಡೋಣ.

ಬೆಳಕು ಮತ್ತು ಕೂರುವ ರೀತಿ

ಕಿಟಕಿ ಪಕ್ಕಕ್ಕಿರಲಿ. ಅದು ಬೆನ್ನ ಹಿಂದಿದ್ದರೆ ಪರದೆ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಎಡದಿಂದ ಬೆಳಕು ಬಂದರೆ ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಹೆಂಚಿನ ಮನೆಯಾದರೆ ಒಂದೆರಡು ಗಾಜಿನ ಹೆಂಚು ಹಾಕಿಸಿದರೂ ಹಗಲಿನ ಲೈಟ್ ಉಳಿಯುತ್ತದೆ.

ಮೇಜಿನ ಎತ್ತರ 28ರಿಂದ 30 ಇಂಚು, ಕುರ್ಚಿಯದು 16ರಿಂದ 18 ಇಂಚು ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಪಾದ ನೆಲಕ್ಕೆ ಸಿಗದಿದ್ದರೆ ಕಾಲ ಕೆಳಗೆ ಒಂದು ಮಣೆ ಸಾಕು. ಪರದೆ ಒಂದು ತೋಳಿನಷ್ಟು ದೂರದಲ್ಲಿರಲಿ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿದರೆ ಕಣ್ಣಿಗೆ ವಿಶ್ರಾಂತಿ. ನಮ್ಮಲ್ಲಿ ಅದಕ್ಕೆ ಮರಗಳಿಗೇನು ಬರವಿಲ್ಲ.

ಮಳೆ ಮತ್ತು ಕರೆಂಟು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಉಳಿದ ಕಡೆ ಅಷ್ಟಿಲ್ಲದಿದ್ದರೂ ಮಳೆಗಾಲದಲ್ಲಿ ಗೋಡೆಗೆ ತೇವ, ಪುಸ್ತಕಕ್ಕೆ ಬೂಷ್ಟು ತಪ್ಪಿದ್ದಲ್ಲ. ಮೇಜು, ಬೀರುಗಳನ್ನು ಗೋಡೆಯಿಂದ ನಾಲ್ಕು ಇಂಚು ದೂರವಿಡಿ, ಗಾಳಿಯಾಡಲಿ. ಗುಡುಗು ಶುರುವಾಗುವ ಮೊದಲೇ ಲ್ಯಾಪ್‌ಟಾಪ್, ರೂಟರ್‌ಗಳ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.

ಇನ್ವರ್ಟರ್ ಕೊಳ್ಳುವ ಮೊದಲು ಲೆಕ್ಕ ಹಾಕಿ. ಲ್ಯಾಪ್‌ಟಾಪ್ 60, ರೂಟರ್ 10, ಎಲ್‌ಇಡಿ ಬಲ್ಬ್ 10, ಫ್ಯಾನ್ 70 ವ್ಯಾಟ್ ಎಂದರೆ ಒಟ್ಟು 150. ಬ್ಯಾಟರಿ 12 ವೋಲ್ಟ್, 150 ಎಎಚ್ ಇದ್ದರೆ ಅದರಲ್ಲಿ 1,800 ವ್ಯಾಟ್-ಅವರ್ ಇರುತ್ತದೆ. ನಷ್ಟ ಕಳೆದು 1,200 ಸಿಕ್ಕರೂ ಎಂಟು ಗಂಟೆ ಕೆಲಸ ನಡೆಯುತ್ತದೆ.

ಯಾರೂ ಬರೆಯದ ಖರ್ಚು

ವ್ಯವಹಾರ ಬೇರೆ, ಮಾಲೀಕ ಬೇರೆ ಎಂದು ಅಕೌಂಟೆನ್ಸಿಯಲ್ಲಿ ಮೊದಲೇ ಕಲಿಯುತ್ತೇವೆ. ಹೊಲಿಗೆಯ ಹಣದಲ್ಲಿ ಮನೆಗೆ ಅಕ್ಕಿ ತಂದರೆ ಅದು ಖರ್ಚಲ್ಲ, ಡ್ರಾಯಿಂಗ್ಸ್. ಮನೆಯಲ್ಲಿ ದುಡಿಯುವಾಗ ಇವೆರಡೂ ಒಂದೇ ಡಬ್ಬಿಯಲ್ಲಿ ಬೆರೆತುಹೋಗುತ್ತವೆ.

ಒಂದು ಕಲ್ಪಿತ ಲೆಕ್ಕ ನೋಡಿ. ತಿಂಗಳಿಗೆ 60 ಬ್ಲೌಸ್, ತಲಾ 200 ರೂ. ಎಂದರೆ 12,000 ರೂ. ದಾರ, ಲೈನಿಂಗ್, ಹುಕ್ಕಿಗೆ 2,400. ರಿಪೇರಿ ಮತ್ತು ಮೊಬೈಲ್ ರೀಚಾರ್ಜಿನ ಪಾಲು 350. ಮೆಷಿನ್ ಬೆಲೆ 12,000, ಹತ್ತು ವರ್ಷ ಬಾಳಿದರೆ ತಿಂಗಳ ಸವಕಳಿ 100. ಗೃಹಜ್ಯೋತಿ ಇರುವುದರಿಂದ ಕರೆಂಟು ಸೇರಿಸಿಲ್ಲ. ಉಳಿಯುವುದು 9,150. ದಿನಕ್ಕೆ 5 ಗಂಟೆಯಂತೆ 25 ದಿನ, ಅಂದರೆ 125 ಗಂಟೆ ದುಡಿದರೆ ಗಂಟೆಗೆ ಸುಮಾರು 73 ರೂ. ಪೇಟೆಯಲ್ಲಿ 1,500 ರೂ. ಬಾಡಿಗೆಗೆ ಜಾಗ ಹಿಡಿದಿದ್ದರೆ ಅದು 61ಕ್ಕೆ ಇಳಿಯುತ್ತಿತ್ತು. ಆ ವ್ಯತ್ಯಾಸವನ್ನು ಮನೆ ಭರಿಸುತ್ತಿದೆ. ಇದನ್ನು ಬರೆದಿಡದವರು “ಮನೇಲೇ ತಾನೆ, ಸ್ವಲ್ಪ ಕಮ್ಮಿ ಮಾಡಿ” ಎಂದವರಿಗೆಲ್ಲ ಕಮ್ಮಿ ಮಾಡುತ್ತಾ ಹೋಗುತ್ತಾರೆ.

ಕೊನೆಯದು ಸಮಯ. ಮನೆಯಲ್ಲಿದ್ದಾರೆ ಎಂದರೆ ಬಿಡುವಾಗಿದ್ದಾರೆ ಎಂದು ನಾವೇ ತಿಳಿಯುತ್ತೇವೆ. ನೀರು, ಚಹಾ, ಇಸ್ತ್ರಿ ಎಂದು ಕರೆಯುತ್ತೇವೆ. ಕೆಲಸದ ವೇಳೆಯನ್ನು ಕ್ಯಾಲೆಂಡರ್ ಪಕ್ಕ ಬರೆದು ಅಂಟಿಸಿ, ಆ ಹೊತ್ತಿನಲ್ಲಿ ಚಹಾ ನಾವೇ ಮಾಡಿಕೊಳ್ಳೋಣ. ಒಳ್ಳೆಯ ಕುರ್ಚಿಗೆ ದುಡ್ಡು ಬೇಕು, ಇದಕ್ಕೆ ಬೇಡ.

ಗೆಳೆಯರೇ, ನಿಮ್ಮ ಮನೆಯಲ್ಲಿ ಹೀಗೆ ದುಡಿಯುವವರಿದ್ದರೆ ಈ ತಿಂಗಳ ಲೆಕ್ಕವನ್ನು ಅವರ ಜೊತೆ ಕೂತು ಬರೆಯಿರಿ. ಜರ್ನಲ್ ಎಂಟ್ರಿಗೂ ಅಭ್ಯಾಸವಾಗುತ್ತದೆ, ಅವರ ಒಂದು ಗಂಟೆಯ ಬೆಲೆಯೂ ಮನೆಯವರಿಗೆಲ್ಲ ಗೊತ್ತಾಗುತ್ತದೆ.