‘ಸ್ವಲ್ಪ ಹಿಡ್ಕೋ ಮರಿ’ ಅನ್ನುವ ಮೊದಲು

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವಿಗೆ ಯಂತ್ರ ಹೊಸದಲ್ಲ. ಗೋಡೆಯಾಚೆ ಲಾಳಿ ಓಡುತ್ತಿರುತ್ತದೆ. ಆ ಸದ್ದಿನಲ್ಲೇ ಮಗು ಮಲಗುತ್ತದೆ, ಏಳುತ್ತದೆ, ಮಗ್ಗಿ ಬಾಯಿಪಾಠ ಮಾಡುತ್ತದೆ. ಬೆಲ್ಟಿನ ಹತ್ತಿರ ಹೋಗಬಾರದು, ಓಡುವ ಮಗ್ಗದ ಪಕ್ಕ ಸೆರಗು, ಜಡೆ ಬಿಟ್ಟುಕೊಂಡು ನಿಲ್ಲಬಾರದು ಅಂತ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ, ಆದರೂ ಗೊತ್ತಿರುತ್ತದೆ. ಇಂಥ ಮಕ್ಕಳನ್ನು ಐಟಿಐಯಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿಸಿಕೊಂಡಾಗ ನನಗೆ ಅರ್ಧ ಪಾಠ ಕಮ್ಮಿಯಾಗುತ್ತಿತ್ತು.

ಆದರೆ ಮಗ್ಗ ನಿಂತ ಜಾಗದಲ್ಲೇ ಇರುತ್ತದೆ. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಬಹುದಾದ ಯಂತ್ರದ ಮಾತೇ ಬೇರೆ. ಈಗ ಬ್ಯಾಟರಿಯಲ್ಲಿ ನಡೆಯುವ ರೆಸಿಪ್ರೊಕೇಟಿಂಗ್ ಗರಗಸ ಮನೆಬಾಗಿಲಿಗೇ ಬಂದು ಇಳಿಯುತ್ತದೆ. ಯಾವುದನ್ನು ಕೊಳ್ಳಲಿ, ಮಕ್ಕಳಿಗೆ ಯಾವಾಗ ಕೊಡಲಿ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಯಂತ್ರ ಹೇಗೆ ನಡೆಯುತ್ತದೆ ನೋಡಿ. ಮಗ್ಗದಲ್ಲಿ ಕ್ರ್ಯಾಂಕ್ ತಿರುಗಿದ ಹಾಗೆ ಹಣಿಗೆ ಹಿಂದಕ್ಕೂ ಮುಂದಕ್ಕೂ ಬಂದು ಎಳೆಯನ್ನು ಬಡಿಯುತ್ತದಲ್ಲ, ಇಲ್ಲೂ ಅದೇ ತತ್ವ. ಮೋಟಾರು ತಿರುಗುತ್ತದೆ, ಬ್ಲೇಡು ಹಿಂದೆ ಮುಂದೆ ಹೋಗುತ್ತದೆ. ದೊಡ್ಡ ಮಾದರಿಗಳಲ್ಲಿ ಒಂದು ಓಟ ಸುಮಾರು 28ರಿಂದ 32 ಮಿಲಿಮೀಟರ್, ನಿಮಿಷಕ್ಕೆ 3000 ಸಲದವರೆಗೆ. ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದು ಕೊಳಾಯಿ, ವೈರಿಂಗ್ ಕೆಲಸದವರಿಗಾಗಿ. ಅಂದರೆ ಇದರ ಹುಟ್ಟುಗುಣವೇ ಕೆಡಹುವ ಕೆಲಸದ್ದು. ಹಳೆಯ ಜಿಐ ಪೈಪು, ಮೊಳೆ ಹೊಡೆದ ಚೌಕಟ್ಟು, ಹಿತ್ತಲಿನ ಸೀಬೆ ಕೊಂಬೆ, ಕಾರ್ಖಾನೆಯಿಂದ ಬಂದ ಪ್ಯಾಲೆಟ್, ಇವಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಕಡಿಮೆ. ಪ್ಲೈವುಡ್ ನೇರವಾಗಿ ಕೊಯ್ದು ಪುಸ್ತಕದ ಕಪಾಟು ಮಾಡಬೇಕೆಂದರೆ ದಯವಿಟ್ಟು ಇದನ್ನು ಕೊಳ್ಳಬೇಡಿ. ಗೆರೆಯ ಮೇಲೆ ನಿಲ್ಲುವುದಿಲ್ಲ, ಅಂಚು ಹರಿದು ಹಾಕುತ್ತದೆ.

ಕೊಳ್ಳುವಾಗ ಅಂಗಡಿಯವರು ಮೋಟಾರಿನ ಶಕ್ತಿಯ ಮಾತಾಡುತ್ತಾರೆ. ನೀವು ಮುಂಭಾಗದಲ್ಲಿರುವ ‘ಶೂ’ ನೋಡಿ, ಬ್ಲೇಡಿನ ಬುಡದಲ್ಲಿರುವ ಲೋಹದ ಪಾದ ಅದು. ಅದು ಗಟ್ಟಿಯಾಗಿರಬೇಕು, ಅಲುಗಬಾರದು, ಹಿಂದೆ ಮುಂದೆ ಸರಿಸಿ ಕೂರಿಸುವಂತಿದ್ದರೆ ಇನ್ನೂ ಒಳ್ಳೆಯದು. ಟ್ರಿಗರ್ ಒತ್ತಿದಷ್ಟು ವೇಗ ಏರುವಂತಿರಬೇಕು. ಜೊತೆಗೆ ಲಾಕ್ ಗುಂಡಿ ಇರಲಿ. ಅದನ್ನು ಒತ್ತದೆ ಟ್ರಿಗರ್ ಕೆಲಸ ಮಾಡಬಾರದು. ಮಕ್ಕಳಿರುವ ಮನೆಯಲ್ಲಿ ಈ ಗುಂಡಿ ಇಲ್ಲದ ಮಾದರಿಯನ್ನು ನಾನು ಒಪ್ಪುವುದಿಲ್ಲ. ತೂಕವನ್ನು ಕೈಯಲ್ಲೇ ಹಿಡಿದು ನೋಡಿ, ಬ್ಯಾಟರಿ ಹಾಕಿಸಿಯೇ ನೋಡಿ. ವೈರಿನದು ಕೊಳ್ಳುವುದಾದರೆ ಮನೆಯ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಕಡಿತಗೊಳಿಸುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ಅಂತ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಬ್ಲೇಡಿನ ವಿಷಯದಲ್ಲಿ ಒಂದೇ ಲೆಕ್ಕ ಸಾಕು. ಕೊಯ್ಯುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಇರಬೇಕು. ಹಸಿ ಕೊಂಬೆಗೆ ಇಂಚಿಗೆ 3ರಿಂದ 5 ಹಲ್ಲಿನದು, ಮೊಳೆ ಇರುವ ಮರಕ್ಕೆ 10ರ ಆಸುಪಾಸಿನ ಬೈಮೆಟಲ್, ಕಬ್ಬಿಣದ ಪೈಪಿಗೆ 18, ತೆಳು ತಗಡಿಗೆ 24. ಹಲ್ಲು ದೊಡ್ಡದಾಗಿ ವಸ್ತು ತೆಳುವಾದರೆ ಬ್ಲೇಡು ಸಿಕ್ಕಿಕೊಳ್ಳುತ್ತದೆ, ಇಡೀ ಯಂತ್ರ ಕೈಯಲ್ಲಿ ಒದೆಯುತ್ತದೆ. ಬ್ಲೇಡು ಬದಲಿಸುವ ಮೊದಲು ಬ್ಯಾಟರಿ ಕಳಚಬೇಕು. ಕೊಯ್ದ ತಕ್ಷಣ ಬ್ಲೇಡು ಸುಡುವಷ್ಟು ಬಿಸಿಯಾಗಿರುತ್ತದೆ ಎಂಬುದನ್ನು ಮಕ್ಕಳಿಗೂ ಹೇಳಿಡಿ. ಮುಟ್ಟಬೇಕೆಂದು ಅವರಿಗೆ ಅನ್ನಿಸುವುದು ಆಗಲೇ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಗರಗಸದ ಹಲ್ಲು ಕೊಯ್ಯುವುದು ಯಂತ್ರದ ಕಡೆಗೆ ಎಳೆದುಕೊಳ್ಳುವಾಗ. ಶೂ ವಸ್ತುವಿಗೆ ಒತ್ತಿಕೊಂಡಿದ್ದರೆ ಆ ಎಳೆತವೇ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟರೆ, ಅಥವಾ ವಸ್ತು ಸಡಿಲವಾಗಿದ್ದರೆ, ಬ್ಲೇಡಿನ ಜೊತೆ ವಸ್ತುವೇ ಹಿಂದೆ ಮುಂದೆ ಕುಣಿಯುತ್ತದೆ. ಆಗ ನಾವೇನು ಮಾಡುತ್ತೇವೆ? ಪಕ್ಕದಲ್ಲಿ ನಿಂತು ನೋಡುತ್ತಿರುವ ಮಗುವನ್ನು ಕರೆದು ‘ಸ್ವಲ್ಪ ಹಿಡ್ಕೋ ಮರಿ’ ಅನ್ನುತ್ತೇವೆ.

ನಾನೂ ಅಂದಿದ್ದೇನೆ. ನಮ್ಮಪ್ಪ ಹ್ಯಾಕ್‌ಸಾದಲ್ಲಿ ಪೈಪು ಕೊಯ್ಯುವಾಗ ನಾನು ತುದಿ ಹಿಡಿದು ಬೆಳೆದವನು. ಕೈಗರಗಸದ ಅಲುಗಾಟವನ್ನು ಹುಡುಗನ ಕೈ ತಡೆದುಕೊಳ್ಳುತ್ತದೆ. ಅದೇ ರೂಢಿಯಲ್ಲಿ, ಒಂದು ಭಾನುವಾರ, ಪ್ಯಾಲೆಟ್ಟಿನ ಹಲಗೆಯ ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟೆ. ಅರ್ಧ ಕೊಯ್ದಾಗ ಹಲಗೆ ಬಾಗಿ ಬ್ಲೇಡನ್ನು ಕಚ್ಚಿಕೊಂಡಿತು. ಮರುಕ್ಷಣ ಹಲಗೆ ಎಗರಿ ಅವಳ ಬಲಗೈ ಮಣಿಕಟ್ಟಿಗೆ ಬಡಿಯಿತು. ರಕ್ತ ಬರಲಿಲ್ಲ, ಬ್ಲೇಡು ಅವಳಿಂದ ಎರಡಡಿ ದೂರವೇ ಇತ್ತು. ಆದರೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯನ್ನು ಅವಳು ಊದಿದ ಕೈಯಲ್ಲಿ ಬರೆದಳು. ಅಷ್ಟು ವರ್ಷ ಬೇರೆಯವರ ಮಕ್ಕಳಿಗೆ ವೈಸಿನಲ್ಲಿ ಬಿಗಿಯದೆ ಏನನ್ನೂ ಕೊಯ್ಯಬೇಡಿ ಅಂತ ಕಲಿಸಿದವನು ನಾನು. ಆ ನೋವು ಈಗಲೂ ಹಾಗೇ ಇದೆ.

ಆದ್ದರಿಂದ ಗರಗಸಕ್ಕಿಂತ ಮೊದಲು ಒಂದು ಬೆಂಚ್ ವೈಸ್, ಎರಡು ಜಿ ಕ್ಲ್ಯಾಂಪ್ ಕೊಳ್ಳಿ. ದುಡ್ಡು ಸಾಲದಿದ್ದರೆ ಗರಗಸವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಬಿಗಿದ ಜಾಗಕ್ಕೆ ಹತ್ತಿರದಲ್ಲೇ ಕೊಯ್ಯಿರಿ, ಕತ್ತರಿಸಿ ಬೀಳುವ ತುಂಡು ಹೊರಗೆ ನೇತಾಡಲಿ, ಅದನ್ನು ಯಾರೂ ಹಿಡಿಯಬೇಕಿಲ್ಲ. ಎರಡೂ ಕೈ ಯಂತ್ರದ ಮೇಲೆ ಇರಲಿ. ಬ್ಲೇಡಿನ ತುದಿ ಆಚೆ ಕಡೆ ನೆಲಕ್ಕೋ ಗೋಡೆಗೋ ಗುದ್ದದಷ್ಟು ಜಾಗವಿದೆಯೇ ನೋಡಿಕೊಳ್ಳಿ. ಟ್ರಿಗರ್ ಬಿಟ್ಟ ಮೇಲೆ ಬ್ಲೇಡು ಪೂರ್ತಿ ನಿಲ್ಲುವವರೆಗೆ ಕೆಳಗಿಡಬೇಡಿ.

ನಮ್ಮೂರಿನ ಕೆಲವು ಕೆಲಸಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯಿಂದ ಪ್ಯಾಲೆಟ್ ತಂದು ಬೆಂಚು ಮಾಡುವವರಿದ್ದಾರೆ. ಮರದ ಮೇಲೆ ‘ಎಚ್‌ಟಿ’ ಮುದ್ರೆ ಇದ್ದರೆ ಅದು ಬಿಸಿಯಲ್ಲಿ ಸಂಸ್ಕರಿಸಿದ್ದು, ತರಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿರುತ್ತಾರೆ, ಮಕ್ಕಳಿರುವ ಮನೆಗೆ ಬೇಡ. ದ್ರಾಕ್ಷಿ ತೋಟ ತೆಗೆಯುವವರು ಚಪ್ಪರದ ತಂತಿಗೆ ಈ ಗರಗಸ ಇಡಬಾರದು. ಕಲ್ಲುಕಂಬಗಳ ನಡುವೆ ಬಿಗಿದ ತಂತಿ ತುಂಡಾದೊಡನೆ ಚಾಟಿಯಂತೆ ಹೊಡೆಯುತ್ತದೆ. ಮೊದಲು ಬಿಗಿ ಸಡಿಲಿಸಿ. ಹಳೆಯ ಮಗ್ಗದ ಶೆಡ್ಡಿನ ಮೇಲೆ ಆಸ್ಬೆಸ್ಟಾಸ್ ಶೀಟಿದ್ದರೆ ಅದನ್ನು ಯಾವ ಯಂತ್ರದಿಂದಲೂ ಕೊಯ್ಯಲೇಬೇಡಿ. ಆ ಧೂಳಿನ ನಾರು ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಕೊಂಬೆ ಕರೆಂಟು ತಂತಿಯ ಹತ್ತಿರವಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಕಾಯಿರಿ. ಏಣಿಯ ಮೇಲೆ ನಿಂತು ಕೊಯ್ಯುವುದಂತೂ ಯಾರಿಗೂ ಬೇಡ. ನೆಲದಿಂದ ಎಟುಕುವ ಕೊಂಬೆಯನ್ನೂ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ಸಿಗಿದು ಬೀಳುವುದಿಲ್ಲ.

ಕಿವಿಯ ವಿಷಯದಲ್ಲಿ ನಮ್ಮೂರಿಗೆ ಒಂದು ತೊಂದರೆಯಿದೆ. ದಿನಕ್ಕೆ ಎಂಟು ಗಂಟೆಯ ದುಡಿಮೆಗೆ 85 ಡೆಸಿಬೆಲ್ ದಾಟಬಾರದು ಎನ್ನುತ್ತಾರೆ. ಮಗ್ಗ ಅದನ್ನು ದಾಟುತ್ತದೆ, ಈ ಗರಗಸವೂ ದಾಟುತ್ತದೆ. ಮಗ್ಗಕ್ಕೆ ಒಗ್ಗಿದ ಮಗುವಿಗೆ ಇದು ಜೋರು ಅಂತಲೇ ಅನ್ನಿಸುವುದಿಲ್ಲ, ಕಿವಿ ಮಾತ್ರ ಎರಡು ಕಡೆಯಿಂದ ಸವೆಯುತ್ತಿರುತ್ತದೆ. ಕನ್ನಡಕ, ಇಯರ್‌ಮಫ್ ನೋಡಲು ನಿಂತ ಮಗುವಿಗೂ ಇರಲಿ. ಡ್ರಿಲ್ಲು, ಲೇತಿನಂಥ ಸುತ್ತುವ ಯಂತ್ರದ ಹತ್ತಿರ ಗ್ಲೌಸು ಅಪಾಯ. ಇಲ್ಲಿ ಮಾತ್ರ ಬೆರಳಿಗೆ ಕೂರುವಂಥ ಗ್ಲೌಸು ಹಾಕಬಹುದು, ನಡುಕವೂ ಸ್ವಲ್ಪ ತಗ್ಗುತ್ತದೆ. ಕೈ ಜುಮ್ಮೆಂದರೆ ನಿಲ್ಲಿಸಿ.

ಹಾಗಾದರೆ ಮಗುವಿನ ಕೈಗೆ ಯಾವಾಗ ಕೊಡುವುದು? ಅಮೆರಿಕದಲ್ಲಿ ಕೃಷಿಯೇತರ ಕೂಲಿ ಕೆಲಸದಲ್ಲಿ 18 ತುಂಬದವರು ಮುಟ್ಟಬಾರದ ಯಂತ್ರಗಳ ಪಟ್ಟಿಗೆ 2010ರಲ್ಲಿ ಈ ಗರಗಸವೂ ಸೇರಿತು, 16 ದಾಟಿದ ಅಪ್ರೆಂಟಿಸ್‌ಗಳಿಗೆ, ವೃತ್ತಿ ತರಬೇತಿಯ ವಿದ್ಯಾರ್ಥಿಗಳಿಗೆ ಮಾತ್ರ ಷರತ್ತಿನ ವಿನಾಯಿತಿ. ಮನೆಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಅಲ್ಲಿಯವರೆಗೆ ಅಳೆಯುವುದು, ಗೆರೆ ಹಾಕುವುದು, ಮರಳು ಕಾಗದ ಉಜ್ಜುವುದು, ಬ್ಲೇಡಿನ ಹಲ್ಲು ಎಣಿಸಿ ಆರಿಸಿಕೊಡುವುದು ಅವರ ಕೆಲಸ. ಹತ್ತು ಹನ್ನೆರಡು ವಯಸ್ಸಿಗೆ ಒಂದು ಕೈಗರಗಸ ಕೊಡಿ. ವಸ್ತುವನ್ನು ತಾನೇ ವೈಸಿಗೆ ಬಿಗಿದು, ಅಲುಗಿಸಿ ನೋಡಿ, ಆಮೇಲೆ ಗರಗಸ ಎತ್ತುವ ಅಭ್ಯಾಸ ನೀವು ಹೇಳದೆಯೇ ಬಂದಿದೆಯೇ ಅಂತ ಗಮನಿಸಿ. ಅದು ಬಾರದವರಿಗೆ 18 ಆದರೂ ನಾನು ಕೊಡುವುದಿಲ್ಲ.

ಗಾಯವಾದರೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ಮಗುವಿಗೆ ನೋವು ಎರಡು ಪಟ್ಟು. ಶುಚಿಯಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ, ಕೈ ಎತ್ತರಿಸಿ, 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಐಸಿನ ಮೇಲಿಟ್ಟು ಜೊತೆಗೇ ಒಯ್ಯಿರಿ. ಐಸಿಗೆ ನೇರವಾಗಿ ತಾಗಬಾರದು. ಪ್ಯಾಲೆಟ್ ಮೊಳೆ ತುಕ್ಕಿನದು. ಧನುರ್ವಾಯು ತಡೆಯುವ, 10 ಮತ್ತು 16ನೇ ವಯಸ್ಸಿನ ಟಿಡಿ ಚುಚ್ಚುಮದ್ದು ಸರ್ಕಾರಿ ಪಟ್ಟಿಯಲ್ಲೇ ಇದೆ, ಎರಡನೆಯದು ಎಷ್ಟೋ ಮನೆಗಳಲ್ಲಿ ಮರೆತುಹೋಗಿರುತ್ತದೆ. ಗರಗಸ ಕೊಳ್ಳುವ ವಾರವೇ ಮಕ್ಕಳ ಲಸಿಕೆ ಕಾರ್ಡು ಹುಡುಕಿ ನೋಡಿ.

ಕೆಲಸ ಮುಗಿದ ಮೇಲೆ ನಮ್ಮ ಮನೆಯಲ್ಲಿ ಬ್ಲೇಡು ತಗಡಿನ ಡಬ್ಬಿಗೆ ಹೋಗುತ್ತದೆ, ಯಂತ್ರ ಅಟ್ಟಕ್ಕೆ, ಬ್ಯಾಟರಿ ಬೀರುವಿಗೆ. ಬೀರುವಿನ ಕೀಲಿ ಮಗಳ ಅಮ್ಮನ ಹತ್ತಿರ ಇರುತ್ತದೆ. ವೈಸಿಗೆ ಏನು ಬಿಗಿದಿದ್ದೀರಿ ಅಂತ ಬಂದು ನೋಡಿದ ಮೇಲೆಯೇ ಅವರು ಕೀಲಿ ಕೊಡುವುದು.