ಅಂಗೈಯಲ್ಲಿ ಕೂರುವ ಮರಿಯನ್ನು ತರುವ ಮುನ್ನ

ಮಗಳೇ, ಆಮೆಮರಿ ಸಾಕಬೇಕೆಂದಿದ್ದೀಯ, ಹೇಗೆಂದು ನನ್ನನ್ನು ಕೇಳಿದ್ದೀಯ. ತರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಪಶುವೈದ್ಯನಾಗಿ ದನ, ನಾಯಿಗಳ ಜೊತೆ ಆಮೆಗಳನ್ನೂ ನೋಡುತ್ತ ಬಂದವನು ನಿನ್ನ ದೊಡ್ಡಪ್ಪ. ಚಿಪ್ಪು ಮೆತ್ತಗಾಗಿ, ಕಣ್ಣು ಊದಿ ನನ್ನ ಬಳಿ ಬಂದ ಮರಿಗಳೆಲ್ಲ ಪ್ರೀತಿಯ ಮನೆಗಳಿಂದಲೇ ಬಂದವು. ಅಲ್ಲಿ ಕೊರತೆಯಿದ್ದದ್ದು ತಿಳಿವಳಿಕೆಯದು.

ಮೊದಲು, ಯಾವ ಆಮೆ ಎಂಬುದು ಇತ್ಯರ್ಥವಾಗಲಿ. ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ನೆಲೆಸುತ್ತಾಳೆ ಎಂದು ಯಾರಾದರೂ ಹೇಳಿಯಾರು. ಆ ಮಾತಿಗೆ ಕಿವಿಗೊಡಬೇಡ. ನಮ್ಮ ಕೋಲಾರ ಸೀಮೆಯ, ಆಂಧ್ರದ ಗಡಿಯ ಕುರುಚಲು ಕಾಡಿನ ಆ ಬಡಪ್ರಾಣಿಯನ್ನು ಗೋಣಿಚೀಲಗಳಲ್ಲಿ, ಸೂಟ್‌ಕೇಸ್‌ಗಳಲ್ಲಿ ತುಂಬಿ ಸಾಗಿಸುವ ದಂಧೆಗೆ ಈ ನಂಬಿಕೆಯೂ ನೀರೆರೆದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಮೊದಲನೆಯ ಅನುಸೂಚಿಯಲ್ಲಿದೆ. ಸಾಕಿದರೆ ಜೈಲು. 2019ರಿಂದ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುನಿಟ್ಟಿನ ನಿಷೇಧವಿದೆ. ಕಾನೂನು ಹಾಗಿರಲಿ, ಕಾಡಿನಲ್ಲಿ ಹುಟ್ಟಿದ್ದನ್ನು ಕದ್ದು ತಂದು ಸಾಕುವುದು ನನ್ನ ಲೆಕ್ಕದಲ್ಲಿ ಸಾಕಣೆಯೇ ಅಲ್ಲ.

ಪೇಟೆಯಲ್ಲಿ ನಿನಗೆ ತೋರಿಸುವುದು ಬಹುಶಃ ಆಫ್ರಿಕಾದ ಸಲ್ಕಾಟಾ ಮರಿಯನ್ನು. ಸಹಾರಾದ ದಕ್ಷಿಣ ಅಂಚಿನಲ್ಲಿ ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ ಹಬ್ಬಿರುವ ಒಣನಾಡು ಅದರ ತವರು. ವಿದೇಶಿ ತಳಿಯಾದ್ದರಿಂದ ಸಾಕಬಹುದು, ಆದರೆ 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ತಿಳಿಸಬೇಕು. ಕಾಗದಪತ್ರ ಕೇಳಿದಾಗ ‘ಅದೆಲ್ಲ ಬೇಡ ಬಿಡಿ’ ಎನ್ನುವ ಅಂಗಡಿಯಿಂದ ಎದ್ದು ಬಾ.

ಮೊಟ್ಟೆಯಿಂದ ಹೊರಬಂದಾಗ ಸಲ್ಕಾಟಾ ಒಂದು ನಿಂಬೆಹಣ್ಣಿನ ತೂಕ. ಬೆಳೆದ ಗಂಡು ನಲವತ್ತು-ಐವತ್ತು ಕೆ.ಜಿ. ದಾಟಬಲ್ಲದು. ಗಾಲಪಗೋಸ್ ಮತ್ತು ಅಲ್ಡಾಬ್ರಾದ ದೈತ್ಯರನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಮಣ್ಣು ತೋಡಿ ಉದ್ದನೆಯ ಬಿಲ ಮಾಡುವುದು ಅದರ ಹುಟ್ಟುಗುಣ. ಕಾಂಪೌಂಡಿನ ಬುಡವನ್ನೂ ಬಿಡುವುದಿಲ್ಲ. ಎಪ್ಪತ್ತು ವರ್ಷ ಬದುಕಿದರೆ ಅಚ್ಚರಿಯಿಲ್ಲ. ನಿನಗೀಗ ಇಪ್ಪತ್ತಮೂರು. ಲೆಕ್ಕ ಹಾಕಿಕೋ. ನಿನ್ನ ಮದುವೆ, ವರ್ಗಾವಣೆ, ಬಾಡಿಗೆ ಮನೆಗಳು, ಮುಪ್ಪು ಎಲ್ಲದರ ಉದ್ದಕ್ಕೂ ಅದು ಇರುತ್ತದೆ, ಆಮೇಲೂ ಇರಬಹುದು.

ಇಷ್ಟು ಕೇಳಿಯೂ ಮನಸ್ಸು ಗಟ್ಟಿಯಿದ್ದರೆ ಮುಂದಿನದನ್ನು ಗಮನವಿಟ್ಟು ಓದು.

ಮರುಭೂಮಿಯ ಪ್ರಾಣಿಗೆ ನೀರು ಬೇಡ ಎಂಬುದು ನಾನು ಅತಿ ಹೆಚ್ಚು ಕೇಳಿದ ತಪ್ಪು. ಮರಿಗಳನ್ನು ಕೊಲ್ಲುವುದೂ ಅದೇ. ತವರಿನ ಸುಡುಬಿಸಿಲಿನಲ್ಲಿ ಸಲ್ಕಾಟಾ ಮರಿ ಹೊರಗೆ ತಿರುಗುವುದು ಕಡಿಮೆ; ಬಹುಹೊತ್ತು ತೇವದ ಬಿಲದೊಳಗೇ ಅಡಗಿರುತ್ತದೆ. ಒಣಪೆಟ್ಟಿಗೆಯಲ್ಲಿ ಬೆಳೆದ ಮರಿಯ ಚಿಪ್ಪಿನ ಒಂದೊಂದು ಫಲಕವೂ ಗೋಪುರದಂತೆ ಉಬ್ಬುತ್ತದೆ. ಹೆಚ್ಚು ಪ್ರೋಟೀನ್ ತಿಂದದ್ದರಿಂದ ಹೀಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. 2003ರಲ್ಲಿ ಆಸ್ಟ್ರಿಯಾದ ಸಂಶೋಧಕರು ಸಲ್ಕಾಟಾ ಮರಿಗಳನ್ನೇ ಸಾಕಿ ನೋಡಿ, ಮುಖ್ಯ ಕಾರಣ ಗಾಳಿಯ ಒಣತನ ಎಂದು ತೋರಿಸಿದರು. ಒಮ್ಮೆ ಉಬ್ಬಿದ ಚಿಪ್ಪು ಮತ್ತೆ ಸಮವಾಗುವುದಿಲ್ಲ. ಆದ್ದರಿಂದ ಮೊದಲ ಎರಡು ವರ್ಷ ಪೆಟ್ಟಿಗೆಯ ತಳಕ್ಕೆ ತೆಂಗಿನ ನಾರಿನ ಪುಡಿ ಹರಡಿ ಸದಾ ತೇವವಾಗಿಡು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದದ ಮಟ್ಟ ಮೀರದಂತೆ, ಕಾಲುಗಂಟೆ ಕೂರಿಸು. ಅದು ಕುಡಿಯುತ್ತದೆ, ಅಲ್ಲೇ ವಿಸರ್ಜಿಸುತ್ತದೆ. ಜೊತೆಗೆ ಬರುವ ಬಿಳಿ ಪದಾರ್ಥ ಮೆತ್ತಗಿರಬೇಕು. ಮರಳುಮರಳಾಗಿ ಬಂದರೆ ನೀರು ಸಾಲುತ್ತಿಲ್ಲವೆಂದೇ ಅರ್ಥ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು.

ತೇವ ಎಂದರೆ ತಂಪಲ್ಲ. ತೇವವೂ ಚಳಿಯೂ ಸೇರಿದರೆ ಶ್ವಾಸಕೋಶದ ಸೋಂಕು ಹಿಡಿಯುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯ ಹದಿನೈದು ಡಿಗ್ರಿ ನಮಗೆ ಹಿತ, ಮರಿಗೆ ಅಪಾಯ. ಸಲ್ಕಾಟಾ ಚಳಿನಿದ್ದೆ ಮಾಡುವ ಜಾತಿಯಲ್ಲ. ‘ಮಲಗಿದೆ, ಬೇಸಿಗೆಗೆ ಏಳುತ್ತದೆ’ ಎಂದು ಬಿಟ್ಟವರ ಮರಿಗಳು ಏಳಲಿಲ್ಲ. ರಾತ್ರಿಯೂ ಪೆಟ್ಟಿಗೆ ಇಪ್ಪತ್ತೈದರ ಆಸುಪಾಸಿನಲ್ಲಿರಲಿ. ಹಗಲು ಒಂದು ಮೂಲೆ ಮೂವತ್ತೈದಕ್ಕೆ ಕಾದಿರಲಿ, ಇನ್ನೊಂದು ಮೂಲೆಯಲ್ಲಿ ನೆರಳು ಸಿಗಲಿ.

ಇನ್ನು ಬಿಸಿಲು. ಸುಣ್ಣದ ಅಂಶವನ್ನು ಮೂಳೆಗೆ ಸೇರಿಸಲು ಬೇಕಾದ ಡಿ ವಿಟಮಿನ್ ಅದರ ಮೈಯಲ್ಲಿ ತಯಾರಾಗುವುದು ಬಿಸಿಲಿನ ನೇರಳಾತೀತ ಕಿರಣದಿಂದ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಗಾಜಿನ ಹಿಂದೆ ಬೆಳಕಿನಲ್ಲಿಟ್ಟು ನೆಮ್ಮದಿಯಾಗಿರಬೇಡ. ಬೆಳಗಿನ ಎಳೆಬಿಸಿಲಿಗೆ ಬಯಲಿನಲ್ಲೇ ಬಿಡು, ಕಾಗೆ-ಹದ್ದು-ಬೆಕ್ಕಿಗೆ ಸಿಗದಂತೆ ಮೇಲೆ ಜಾಲರಿ ಹಾಕು, ಪಕ್ಕದಲ್ಲೇ ಕೂರು. ಮಳೆಗಾಲಕ್ಕೆ ಆ ಕಿರಣ ಬೀರುವ ಯುವಿಬಿ ದೀಪ ಬೇಕಾಗುತ್ತದೆ. ಕಣ್ಣಿಗೆ ಬೆಳಕು ಕಂಡರೂ ಕಿರಣದ ಕಸುವು ಕುಂದುತ್ತದೆ, ಕಾಲಕಾಲಕ್ಕೆ ಬದಲಿಸು.

ಊಟದ ವಿಷಯದಲ್ಲಿ ನಮ್ಮ ಹಿತ್ತಲೇ ಸಾಕು. ಗರಿಕೆ ಮತ್ತು ಹುಲ್ಲು ಮುಖ್ಯ. ದಾಸವಾಳದ ಎಲೆ-ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿ ಕೊಡು. ಔಷಧಿ ಹೊಡೆದ ಸೊಪ್ಪು ಬೇಡ. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಬ್ರೆಡ್ಡು, ಹಾಲು, ನಾಯಿಯ ಆಹಾರ ಬೇಡವೇ ಬೇಡ. ಮಾವು-ಬಾಳೆಯ ಆಸೆ ತೋರಿಸಬೇಡ. ಬೇಗ ದೊಡ್ಡದಾಗಲಿ ಎಂಬ ಆತುರ ಒಳ್ಳೆಯದಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡು. ಏರಿಕೆ ನಿಧಾನವಾಗಿದ್ದರೂ ಸರಿ, ಇಳಿಯಬಾರದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆ, ಸಾಲ್ಮೊನೆಲ್ಲಾ ರೋಗಾಣು ಅಂಟೀತು. ಎರಡು ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿಡಬೇಡ, ಬಲವಾದದ್ದು ಇನ್ನೊಂದನ್ನು ತಿನ್ನಗೊಡುವುದಿಲ್ಲ.

ಒಂದು ಮಾತನ್ನು ಮಾತ್ರ ಮರೆಯಬೇಡ. ದನಕ್ಕೂ ನಾಯಿಗೂ ಹುಳಕ್ಕೆಂದು ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ. ಬೇರೆ ವೈದ್ಯರಲ್ಲಿಗೆ ಹೋದರೂ ಈ ಹೆಸರು ಹೇಳಿ ಬೇಡವೆನ್ನು.

ಸಾಕಲಾಗದೆ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಬಂತೆಂದುಕೊಳ್ಳುವವರಿದ್ದಾರೆ. ನೆಲದ ಆಮೆಗೆ ಈಜು ಬಾರದು, ಅದು ಮುಳುಗಿ ಸಾಯುತ್ತದೆ. ಕಾಡಿಗೆ ಬಿಟ್ಟರೆ ಇಲ್ಲಿನ ಆಮೆಗಳಿಗೆ ಹೊಸ ರೋಗ ಅಂಟಿಸೀತು.

ಈಗ ನನ್ನ ತೀರ್ಮಾನ ಹೇಳುತ್ತೇನೆ. ಮೂರನೆಯ ಮಹಡಿಯ ನಿನ್ನ ಫ್ಲ್ಯಾಟಿನಲ್ಲಿ ಸಲ್ಕಾಟಾ ಬೇಡ. ಊರಿನ ತೋಟದಲ್ಲಿ ಗಟ್ಟಿ ಬೇಲಿಯ ಜಾಗ ಮಾಡಿ, ನಿನ್ನ ನಂತರ ನೋಡಿಕೊಳ್ಳುವವರು ಯಾರೆಂದು ಅವರ ಬಾಯಿಂದಲೇ ಒಪ್ಪಿಗೆ ಪಡೆದಿದ್ದರೆ ಬಾ, ಪೆಟ್ಟಿಗೆ ಕಟ್ಟಲು ನಾನೇ ಜೊತೆಗೆ ನಿಲ್ಲುತ್ತೇನೆ. ಅದಾಗುವ ತನಕ ಮರಿಯನ್ನು ತರಬೇಡ.