ಬೆಟ್ಟದ ಓಟ: ಮುಂದಾಳುವಿನ ಹೊಣೆ



ಈ ಅಂಕಣದಲ್ಲಿ ಸಾಮಾನ್ಯವಾಗಿ ನಾವು ಬೆಳೆಯ ರೋಗ, ಮಕ್ಕಳ ರೋಗ ಎಂದು ಬರೆಯುವವರು. ಈ ಸಲ ಯುವಕರ ಒತ್ತಾಯಕ್ಕೆ ಮಣಿದು ಓಟದ ವಿಷಯಕ್ಕೆ ಬಂದಿದ್ದೇವೆ. ಹಿಂದೂಪುರದ ಕಡೆ ಬೆಳಗಿನ ಜಾವ ನಾಲ್ಕಕ್ಕೆ ರಸ್ತೆಗೆ ಬಂದರೆ ಓಡುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಪೊಲೀಸ್ ಕೆಲಸಕ್ಕಾಗಲಿ ಸೈನ್ಯಕ್ಕಾಗಲಿ 1600 ಮೀಟರ್ ಓಟದಲ್ಲಿ ತೇರ್ಗಡೆಯಾಗದೆ ಮುಂದಿನ ಮಾತಿಲ್ಲ. ಬಯಲಿನಲ್ಲಿ ಓಡಿ ಸಾಕಾದವರು ಈಗ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದಾರೆ. ಕೆಲವರು ಹಗಲಲ್ಲಿ, ಬಿಸಿಲಿಗೆ ಹೆದರಿದವರು ರಾತ್ರಿಯಲ್ಲಿ. ಗುಂಪೆಂದ ಮೇಲೆ ಒಬ್ಬ ಮುಂದಾಳು ಬೇಕಷ್ಟೆ. ಸಂಬಳವಿಲ್ಲದೆ, ಯಾರೂ ನೇಮಿಸದೆ, ತಾನಾಗಿ ಮುಂದೆ ಬಂದು ಆ ಹೊಣೆ ಹೊರುವವನಿಗಾಗಿ ಈ ಪಾಠ.

ಈ ಸೀಮೆಗೆ ಓಟ ಹೊಸದಲ್ಲ. 1969ರಲ್ಲಿ ಅನಂತಪುರದಲ್ಲಿ ವಿನ್ಸೆಂಟ್ ಫೆರರ್ ಅವರು ಆರಂಭಿಸಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಹಳ್ಳಿಯ ಮಕ್ಕಳನ್ನು ಆಟದ ಬಯಲಿಗೆ ತಂದಿತು. 2016ರಲ್ಲಿ ಸ್ಪೇನ್ ದೇಶದ ಓಟಗಾರರೂ ಇಲ್ಲಿನವರೂ ಕೂಡಿ ಹಗಲಿರುಳು ಓಡುವ ಅನಂತಪುರ ಅಲ್ಟ್ರಾಮ್ಯಾರಥಾನ್ ಶುರುವಾಯಿತು. ಅದರ ದೂರ ಸುಮಾರು 170 ಕಿಲೋಮೀಟರ್. ಅಂಥ ಓಟದಲ್ಲಿ ಹಿಂದೆ ವಾಹನವಿರುತ್ತದೆ, ವೈದ್ಯರಿರುತ್ತಾರೆ. ನಮ್ಮ ಹುಡುಗರ ಹಿಂದೆ ಯಾರೂ ಇರುವುದಿಲ್ಲ. ಇರಬೇಕಾದವನು ಆ ಮುಂದಾಳುವೇ.

ನಮ್ಮದೇ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಹುಡುಗರೊಡನೆ ಬೆಳದಿಂಗಳ ರಾತ್ರಿ ಒಂದು ಬೆಟ್ಟಕ್ಕೆ ಹೋದೆವು. ನಮ್ಮ ವಯಸ್ಸಿಗೆ ಓಟವೆಂದರೆ ಬಿರುಸಿನ ನಡಿಗೆ. ಆದರೂ ಮುಂದಾಳು ನಾವೇ ಎಂಬ ಬಿಗುಮಾನವಿತ್ತು. ಹತ್ತುವಾಗ ಹದಿನೇಳು ಜನ. ಇಳಿದು ಬಂದು ಬೆಲ್ಲದ ಪಾನಕ ಹಂಚುವಾಗ ಒಂದು ಲೋಟ ಉಳಿಯಿತು. ಯಾರೋ ಎರಡು ಸಲ ಕುಡಿಯಲು ನಾಚಿದ್ದಾರೆಂದು ಎಣಿಸಿದೆವೇ ಹೊರತು ಹುಡುಗರನ್ನು ಎಣಿಸಲಿಲ್ಲ. ಅರ್ಧ ಗಂಟೆಯ ಮೇಲೆ ಒಬ್ಬನ ಚೀಲ ಹಾಗೇ ಬಿದ್ದಿರುವುದು ಕಂಡಾಗ ಎದೆ ಧಸಕ್ಕೆಂದಿತು. ಮತ್ತೆ ಹತ್ತಿ ಕೂಗಿ ಹುಡುಕಿದರೆ, ಹುಡುಗ ಪಾದ ಉಳುಕಿಸಿಕೊಂಡು ಬೆಟ್ಟದ ಮಗ್ಗುಲಿನ ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕುರಿ ಕಾಯುವ ಅಜ್ಜ ನಮ್ಮನ್ನು ನೋಡಿ, "ಏನ್ ಸ್ವಾಮಿ, ಎಣಿಸ್ಕೊಂಡು ಇಳೀಬಾರ್ದಾ? ನಾನು ದಿನಾ ಎರಡು ಹೊತ್ತು ಎಣಿಸ್ತೀನಿ" ಎಂದ. ಕಳೆದುಹೋದ ಕುರಿಯ ಕಥೆಯನ್ನು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ ನಮಗೆ ಅಂದು ಬಾಯಿ ಬರಲಿಲ್ಲ.

ಆದ್ದರಿಂದ ಮುಂದಾಳುವಿನ ಮೊದಲ ಕೆಲಸ ಓಡುವುದಲ್ಲ, ಎಣಿಸುವುದು. ಬೆಟ್ಟದ ಬುಡದಲ್ಲಿ, ಅರ್ಧ ದಾರಿಯಲ್ಲಿ, ತುದಿಯಲ್ಲಿ, ಇಳಿದ ಮೇಲೆ. ಹೆಸರು ಹಿಡಿದು ಕೂಗಿ ಎಣಿಸಬೇಕು. ಬರೀ ತಲೆ ಎಣಿಸಿದರೆ ಕತ್ತಲಲ್ಲಿ ಒಬ್ಬನೇ ಎರಡಾಗುತ್ತಾನೆ. ಇಬ್ಬಿಬ್ಬರ ಜೋಡಿ ಮಾಡಿ, ಜೊತೆಗಾರ ಕಾಣದಿದ್ದರೆ ಕೂಡಲೆ ಕೂಗುವಂತೆ ಹೇಳಿರಬೇಕು. ಎಲ್ಲರ ಹಿಂದೆ ಹಿಂಗಾವಲಿಗೆ ಒಬ್ಬ ಗಟ್ಟಿ ಓಟಗಾರನಿರಬೇಕು, ಅವನನ್ನು ದಾಟಿ ಯಾರೂ ಹಿಂದೆ ಉಳಿಯಕೂಡದು. ಚುರುಕಿನ ಹುಡುಗರಿಗೆ ಈ ಕೆಲಸ ಹಿಡಿಸುವುದಿಲ್ಲ. ಆದರೆ ಗುಂಪಿನ ವೇಗವನ್ನು ಗೊತ್ತುಮಾಡುವವನು ಅತಿ ನಿಧಾನದವನೇ. ಅದಕ್ಕೆ ಒಪ್ಪದವನು ಒಬ್ಬನೇ ಓಡಲಿ, ಗುಂಪಿನ ಮುಂದಾಳು ಆಗುವುದು ಬೇಡ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟವೊಂದು ನಡೆಯಿತು. ಓಡಿದವರು 172 ಜನ. ನಡುವೆ ಬಿರುಗಾಳಿ, ಆಲಿಕಲ್ಲಿನ ಮಳೆ ಬಂದು ಚಳಿಗೆ ಸಿಕ್ಕಿ 21 ಜನ ತೀರಿಕೊಂಡರು. ಬಹಳ ಜನರ ಮೈಮೇಲೆ ಇದ್ದದ್ದು ತೆಳು ಬನಿಯನ್ನು, ಚಡ್ಡಿ ಮಾತ್ರ. ಅಲ್ಲಿಯೂ ಝು ಕೆಮಿಂಗ್ ಎಂಬ ಕುರಿಗಾಹಿಯೇ ಆರು ಜನರನ್ನು ಗುಹೆಗೆ ಕರೆದೊಯ್ದು ಬೆಂಕಿ ಕಾಯಿಸಿ ಉಳಿಸಿದ. ನಮ್ಮಲ್ಲಿ ಅಂಥ ಚಳಿಯಿಲ್ಲ, ನಿಜ. ಆದರೆ ಮೋಡ ಕಂಡಾಗ ಹಿಂದಿರುಗೋಣ ಎನ್ನುವ ಧೈರ್ಯ ಎಲ್ಲ ಕಡೆಯೂ ಒಂದೇ. ಗುಡುಗು ಕೇಳಿಸಿದರೆ ಬೆಟ್ಟದ ತುದಿ ಬಿಟ್ಟು ಇಳಿಯಬೇಕು. ಒಂಟಿ ಮರದಡಿ ನಿಲ್ಲಬಾರದು.

ನಮ್ಮ ವೈರಿ ಬಿಸಿಲು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನೆಲವಿದು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪೆನುಕೊಂಡ, ಕುಂದುರ್ಪಿ, ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳೆಲ್ಲ ಬರೀ ಬಂಡೆ. ಹಗಲು ಕುಡಿದ ಬಿಸಿಯನ್ನು ಬಂಡೆ ಸಂಜೆಯ ಮೇಲೂ ಕಾರುತ್ತಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ರಾತ್ರಿ ಎಂಟಕ್ಕಿಂತ ಬೆಳಗಿನ ಜಾವವೇ ಲೇಸು. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬೆಂಗಳೂರಿನಿಂದ ನಿನ್ನೆ ಊರಿಗೆ ಬಂದವನನ್ನು ಇಂದೇ ಗುಡ್ಡಕ್ಕೆ ಅಟ್ಟಬೇಡಿ.

2024ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಪೇದೆಗಳ ಆಯ್ಕೆಯಲ್ಲಿ ಗಂಡುಮಕ್ಕಳು ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಬೇಕಿತ್ತು. ಆ ಕೆಲವೇ ದಿನಗಳಲ್ಲಿ ಹತ್ತಕ್ಕಿಂತ ಹೆಚ್ಚು ಯುವಕರು ಪ್ರಾಣ ಬಿಟ್ಟರು. ಕೆಲಸದ ಆಸೆಗೆ ಓಡುವ ಹುಡುಗ ತಾನಾಗಿ ನಿಲ್ಲುವುದಿಲ್ಲ, ಬಂಧುಗಳೇ. ಅವನನ್ನು ನಿಲ್ಲಿಸುವವನು ಪಕ್ಕದಲ್ಲಿರಬೇಕು. ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಕಾದ ಮೈ: ಇವು ಬಿಸಿಲಾಘಾತದ ಗುರುತು. ಆಗ ಮೊದಲು ತಂಪು, ಆಮೇಲೆ ಆಸ್ಪತ್ರೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನು ಮಾಡಿ. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಅಂಗುಲ ತಗ್ಗುವಂತೆ ಒತ್ತುತ್ತಿರಬೇಕು. ಇದನ್ನು ಓದಿ ಕಲಿಯಲಾಗದು. ಕೈಯಾರೆ ಮಾಡಿ ಕಲಿಯದವನು ಮುಂದಾಳುವಾಗಬಾರದೆಂದೇ ನಮ್ಮ ಅಭಿಪ್ರಾಯ. ಓಡುವಾಗ ಎದೆ ಹಿಡಿದುಕೊಂಡವರು, ತಲೆಸುತ್ತಿ ಬಿದ್ದವರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದಿಂದ ಸತ್ತವರಿದ್ದರೆ ಅಂಥವರು ವೈದ್ಯರಿಗೆ ತೋರಿಸಿದ ಮೇಲೆಯೇ ಬರಲಿ. ಹೆಣ್ಣುಮಕ್ಕಳೂ ಈಗ ಓಡುತ್ತಿದ್ದಾರೆ, ಸಂತೋಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡಾ ಜನಕ್ಕೆ ರಕ್ತಹೀನತೆ ಇತ್ತು. ಅವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಏದುಸಿರಿನ ಕಾರಣ ತಿಳಿದೀತು.

ನೀರಿನ ವಿಷಯದಲ್ಲಿ ಎರಡು ತಪ್ಪು ನಡೆಯುತ್ತವೆ. ಕುಡಿಯದೇ ಇರುವುದು ಒಂದು. ಬರೀ ನೀರನ್ನು ಹೊಟ್ಟೆ ಬಿರಿಯ ಕುಡಿಯುವುದು ಇನ್ನೊಂದು. ಇದರಿಂದ ರಕ್ತದ ಉಪ್ಪಿನ ಅಂಶ ಇಳಿದು ತಲೆನೋವು, ವಾಂತಿ, ಸೆಳವು ಕೂಡ ಬರಬಹುದು. ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ 2002ರಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ 13 ಶೇಕಡಾ ಜನರಲ್ಲಿ ಹೀಗಾಗಿತ್ತು. ಬಾಯಾರಿದಾಗ ಕುಡಿಯಿರಿ, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಿರಿ. ಇಲ್ಲವೇ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಿನ್ನಲು ಕಡಲೆಕಾಯಿ-ಬೆಲ್ಲದ ಉಂಡೆಗಿಂತ ಹಿತವಾದದ್ದು ನಮಗೆ ಗೊತ್ತಿಲ್ಲ. ಕಾಯಿಯೂ ಇಲ್ಲಿಯದೇ, ಹಿಂದೂಪುರದ ಸಂತೆಯಲ್ಲಿ ಬೆಲ್ಲಕ್ಕೇನೂ ಬರವಿಲ್ಲ.

ಇನ್ನು ರಾತ್ರಿ ಓಟ. ಹಲವರು ಕರಡಿ, ಚಿರತೆಗೆ ಹೆದರುತ್ತಾರೆ. ಕಲ್ಯಾಣದುರ್ಗದ ಕಡೆ ಕರಡಿ ಇದೆ, ಸೀತಾಫಲದ ಕಾಲದಲ್ಲಿ ಇಳಿದೂ ಬರುತ್ತದೆ. ಮಾತಾಡುತ್ತ, ಸದ್ದು ಮಾಡುತ್ತ ಹೋದರೆ ಅದು ದೂರ ಸರಿಯುತ್ತದೆ. ತಿರುವಿನಲ್ಲಿ ಥಟ್ಟನೆ ಎದುರಾದರೆ ಮಾತ್ರ ಅಪಾಯ. ಹಾವಿನ ಭಯವೂ ಸರಿಯೇ. ಬಂಡೆಯ ಸಂದಿಗೆ ಕೈ ಇಡಬೇಡಿ. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು, ನಾಟಿ ಮದ್ದು ಯಾವುದೂ ಬೇಡ. ಕಾಲನ್ನು ಅಲುಗಿಸದೆ ಹೊತ್ತುಕೊಂಡು ವಿಷಕ್ಕೆ ಪ್ರತಿಮದ್ದು ಇರುವ ಆಸ್ಪತ್ರೆಗೆ ಹೋಗಬೇಕು. ಅದು ಎಲ್ಲಿದೆಯೆಂದು ಹತ್ತುವ ಮುಂಚೆಯೇ ವಿಚಾರಿಸಿಟ್ಟಿರಬೇಕು.

ಆದರೆ ನಾವು ಹೆಚ್ಚು ಹೆದರುವುದು ತಂತಿಗೆ. ಕಾಡುಹಂದಿಯ ಕಾಟ ತಾಳಲಾರದೆ ಕೆಲವು ರೈತರು ಹೊಲದ ಸುತ್ತ ತಂತಿ ಎಳೆದು ರಾತ್ರಿ ನೇರವಾಗಿ ಕರೆಂಟು ಬಿಡುತ್ತಾರೆ. ಕಡಲೆಕಾಯಿ ಬಲಿಯುವ ಸೆಪ್ಟೆಂಬರಿನಿಂದ ಕೊಯ್ಲಿನವರೆಗೆ ಈ ಅಪಾಯ ಹೆಚ್ಚು. ಮೊಣಕಾಲೆತ್ತರದ ತಂತಿ ಟಾರ್ಚಿನ ಬೆಳಕಿಗೆ ಕಾಣುವುದಿಲ್ಲ. ಆ ದಿನಗಳಲ್ಲಿ ಹೊಲದಂಚಿನ ಹಾದಿಯಲ್ಲಿ ರಾತ್ರಿ ಓಟ ಬೇಡವೇ ಬೇಡ, ಬಂಡಿದಾರಿಯಲ್ಲೇ ಹೋಗಬೇಕು. ಯಾರಾದರೂ ತಂತಿಗೆ ಸಿಕ್ಕಿದರೆ ಕರೆಂಟು ತೆಗೆಯುವವರೆಗೆ ಅವರನ್ನು ಮುಟ್ಟಬೇಡಿ. ರೈತ ಬಂಧುಗಳಿಗೂ ಒಂದು ಮಾತು: ಇದು ಕಾನೂನಿಗೆ ವಿರುದ್ಧ, ಹಂದಿಗೆ ಇಟ್ಟದ್ದು ನೆರೆಯವನ ಮಗನನ್ನೇ ಕೊಂದೀತು. ಹೊಲದ ಸುತ್ತ ಮುಳ್ಳಿನ ಕುಸುಬೆಯನ್ನು ಕೆಲವು ಸಾಲು ದಟ್ಟವಾಗಿ ಬಿತ್ತಿ ನೋಡಿ. ಕೈಯಲ್ಲಿ ಹಣವಿದ್ದರೆ ಸೌರ ಬೇಲಿ ಹಾಕಿಸಿ. ಸರಿಯಾಗಿ ಕೂರಿಸಿದರೆ ಅದು ಹೊಡೆದು ಬಿಡುತ್ತದೆ, ಹಿಡಿದು ಕೊಲ್ಲುವುದಿಲ್ಲ. ಓಟಗಾರರೂ ಅಷ್ಟೇ, ಬೆಳೆ ತುಳಿದು ಅಡ್ಡದಾರಿ ಮಾಡಕೂಡದು. ಇಳಿಜಾರಿನಲ್ಲಿ ನೇರವಾಗಿ ಇಳಿದ ಕಾಲುಹಾದಿಯೇ ಮುಂದಿನ ಮಳೆಗೆ ಕೊರಕಲಾಗಿ ಕೆಳಗಿನ ಹೊಲದ ಮಣ್ಣನ್ನು ಒಯ್ಯುತ್ತದೆ.

ಇಳಿಯುವಾಗ ನಿಧಾನ. ಕಾಲು ಮುರಿಯುವುದು ಹತ್ತುವಾಗಲ್ಲ, ದಣಿದು ಇಳಿಯುವಾಗ. ಕತ್ತಲಲ್ಲಿ ಕಡಿದಾದ ಜಾಗ ನಡೆದೇ ಇಳಿಯಬೇಕು. ಪ್ರತಿಯೊಬ್ಬನಿಗೂ ತಲೆಗೆ ಕಟ್ಟುವ ಟಾರ್ಚು, ಮುಂದಾಳುವಿನಲ್ಲಿ ಒಂದು ಹೆಚ್ಚಿನದು. ಕಟ್ಟೆಯಿಲ್ಲದ ಹಳೆಯ ಬಾವಿಗಳನ್ನು ಹಗಲಲ್ಲೇ ನೋಡಿಟ್ಟುಕೊಳ್ಳಬೇಕು. ಹಗಲು ಎರಡು ಸಲ ಓಡದ ದಾರಿಯಲ್ಲಿ ರಾತ್ರಿ ಯಾರನ್ನೂ ಕರೆದೊಯ್ಯಬಾರದು.

ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಳಗಿನ ಹಳ್ಳಿಗೂ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ. ಹಳೆಯ ಕೋಟೆಯಿರುವ ಬೆಟ್ಟದ ಮೇಲೆ ನಡುರಾತ್ರಿ ಹತ್ತಾರು ಟಾರ್ಚು ಹೊಳೆದರೆ ಊರಿನವರು ನಿಧಿ ಅಗೆಯುವ ಕಳ್ಳರೆಂದು ದೊಣ್ಣೆ ಹಿಡಿದು ಬರುತ್ತಾರೆ, ಅವರದು ತಪ್ಪೂ ಅಲ್ಲ. ಹೋಗುವಾಗ ಹೇಳಿದ ಹಾಗೆಯೇ, ಎಲ್ಲರೂ ಇಳಿದ ಮೇಲೆ ಇಷ್ಟು ಜನ ಹತ್ತಿದ್ದೆವು, ಇಷ್ಟೂ ಜನ ಇಳಿದೆವು ಎಂದು ಅದೇ ಹಳ್ಳಿಯವರಿಗೆ ಫೋನು ಮಾಡಿ ತಿಳಿಸಬೇಕು. ಇಲ್ಲವಾದರೆ ಯಾರೋ ಒಬ್ಬ ಅಜ್ಜ ನಮಗಾಗಿ ಕಂಬಳಿ ಹಿಡಿದು ಕಾಯುತ್ತ ಕೂತಿರುತ್ತಾನೆ.